ನೀರಿನಡಿಯ ಓಣಿಗೆ ಒಂದು ನಕ್ಷೆ: ಮನೆಯ ಹಳೆಯ ಫೋಟೊಗಳಿಂದ ಸೂಪಾವನ್ನು ಗುರುತಿಸುವುದು ಹೇಗೆ?

ನಿಮ್ಮ ಮೊಬೈಲಿನ ನಕ್ಷೆಯಲ್ಲಿ ಸೂಪಾ ಎಂದು ಹುಡುಕಿ ನೋಡಿ. ಅಣೆಕಟ್ಟು ಸಿಗುತ್ತದೆ, ಗಣೇಶಗುಡಿ ಸಿಗುತ್ತದೆ, ಅದರ ಹಿಂದೆ ಹಿನ್ನೀರು ನೀಲಿಯಾಗಿ ಹರಡಿಕೊಂಡಿರುವುದು ಕಾಣುತ್ತದೆ. ಸೂಪಾ ಪೇಟೆ ಮಾತ್ರ ಸಿಗುವುದಿಲ್ಲ. ಕಾಳಿ ಮತ್ತು ಪಾಂಡರಿ ನದಿಗಳು ಸೇರುವ ಜಾಗದಲ್ಲಿದ್ದ ಆ ಊರು, ಒಂದು ಕಾಲದ ನಮ್ಮ ತಾಲ್ಲೂಕಿನ ಕೇಂದ್ರ, 1980ರ ದಶಕದಲ್ಲಿ ಜಲಾಶಯದ ಪಾಲಾಯಿತು. ತಾಲ್ಲೂಕು ಕಚೇರಿಗಳು ಜೋಯಿಡಾಕ್ಕೆ ಹೋದವು. ಮನೆಮಠ ಕಳೆದುಕೊಂಡ ಕುಟುಂಬಗಳಿಗಾಗಿ ಕಟ್ಟಿದ ಪುನರ್ವಸತಿ ಊರೇ ನಮ್ಮ ರಾಮನಗರ.

ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್, ಉದ್ದ 332 ಮೀಟರ್, ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 564 ಮೀಟರ್. ಈ ಅಂಕಿಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಸೂಪಾದ ಪೇಟೆ ಬೀದಿಯಲ್ಲಿ ಕಿರಾಣಿ ಅಂಗಡಿಯ ಪಕ್ಕದಲ್ಲಿ ಏನಿತ್ತು, ಶಾಲೆಗೆ ಹೋಗುವ ಮಕ್ಕಳು ಯಾವ ಓಣಿಯಿಂದ ತಿರುಗುತ್ತಿದ್ದರು ಎಂಬುದು ಮಾತ್ರ ಎರಡೇ ಕಡೆ ಉಳಿದಿದೆ: ಹಿರಿಯರ ನೆನಪಿನಲ್ಲಿ ಮತ್ತು ಕಪಾಟಿನಲ್ಲಿರುವ ಹಳೆಯ ಆಲ್ಬಮ್‌ಗಳಲ್ಲಿ. 1980ರಲ್ಲಿ 20 ವರ್ಷದವರಾಗಿದ್ದವರು ಈಗ 65 ದಾಟಿದ್ದಾರೆ. ಆಲ್ಬಮ್‌ಗಳು ನಮ್ಮ ಮಳೆಗಾಲದ ತೇವಕ್ಕೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪವೇ ಅಳಿಸುತ್ತಿವೆ. ಫೋಟೊ ಉಳಿದು ಅದನ್ನು ಗುರುತಿಸುವವರು ಹೋದರೆ ಅದು ಯಾವುದೋ ಊರಿನ ಯಾವುದೋ ಬೀದಿಯ ಚಿತ್ರವಾಗುತ್ತದೆ. ಹಾಗಾಗಿ ಈ ಎರಡನ್ನೂ ಒಂದೇ ಕಡೆ ಸೇರಿಸಿಡುವ ಕೆಲಸವನ್ನು ನಮ್ಮಂಥ ವಿದ್ಯಾರ್ಥಿಗಳು ಹೇಗೆ ಮಾಡಬಹುದು ಎಂದು ಇಲ್ಲಿ ವಿವರಿಸಲಾಗಿದೆ.

ಬೇರೆಯವರು ಮಾಡಿದ್ದು

ಇಂಥ ನಕ್ಷೆಗಳಲ್ಲಿ ಹೆಸರಾದದ್ದು 'ಓಲ್ಡ್ ಎನ್‌ವೈಸಿ'. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿದ್ದ ಸುಮಾರು 40 ಸಾವಿರ ಹಳೆಯ ಬೀದಿ ಫೋಟೊಗಳನ್ನು ಡ್ಯಾನ್ ವಾಂಡರ್‌ಕಾಮ್ ಎಂಬ ಸಾಫ್ಟ್‌ವೇರ್ ತಂತ್ರಜ್ಞರು 2015ರಲ್ಲಿ ನಕ್ಷೆಯ ಮೇಲೆ ತಂದರು. ನಕ್ಷೆಯ ಚುಕ್ಕೆಯನ್ನು ಒತ್ತಿದರೆ ಆ ಮೂಲೆಯ ಹಳೆಯ ಚಿತ್ರಗಳು ತೆರೆದುಕೊಳ್ಳುತ್ತವೆ. ಅಲ್ಲಿ ಕೆಲಸ ಹಗುರಾದದ್ದಕ್ಕೆ ಒಂದು ಕಾರಣವಿದೆ. ಯಾವ ಬೀದಿ ಯಾವ ಬೀದಿಯನ್ನು ದಾಟುವ ಜಾಗ ಎಂದು ಫೋಟೊಗಳ ಜೊತೆಯಲ್ಲೇ ಬರೆದಿಟ್ಟಿದ್ದರು. ಆ ಬೀದಿಗಳು ಇಂದಿಗೂ ಇವೆ. ಹೀಗಾಗಿ ಹೆಚ್ಚಿನ ಜಾಗಗಳನ್ನು ಕಂಪ್ಯೂಟರೇ ಹುಡುಕಿಕೊಟ್ಟಿತು.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಶಾಸನಗಳ ಕೆಲಸವನ್ನು ನೋಡಬಹುದು. ಪಿ. ಎಲ್. ಉದಯಕುಮಾರ್ ಮತ್ತು ಅವರ ಜೊತೆಗಾರರು ಹಳೆಯ ಪುಸ್ತಕಗಳಲ್ಲಿ ದಾಖಲಾಗಿದ್ದ ಶಾಸನ ಕಲ್ಲುಗಳನ್ನು ಬಡಾವಣೆ, ಹೊಲ, ಗುಡಿಗಳಲ್ಲಿ ಹುಡುಕಿ ನಕ್ಷೆಯಲ್ಲಿ ಗುರುತಿಸಿದರು. ಮುಂದೆ ಮಿಥಿಕ್ ಸೊಸೈಟಿಯ ಮೂಲಕ ಆ ಕಲ್ಲುಗಳ ಮೂರು ಆಯಾಮದ ಸ್ಕ್ಯಾನ್ ಕೂಡ ನಡೆಯಿತು. ದೊಡ್ಡ ಸರ್ಕಾರಿ ಯೋಜನೆಗೆ ಕಾಯದೆ ಆಸಕ್ತ ನಾಗರಿಕರೇ ಇಂಥ ಕೆಲಸ ಶುರುಮಾಡಬಹುದು ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಕಷ್ಟವೇ ಬೇರೆ. ಸೂಪಾದಲ್ಲಿ ಇಂದು ಹೋಗಿ ನಿಲ್ಲಲು ಬೀದಿಯಿಲ್ಲ, ನಕ್ಷೆಯಲ್ಲಿ ಅದರ ಹೆಸರೂ ಇಲ್ಲ. ಚುಕ್ಕೆಯನ್ನು ನೀರಿನ ಮೇಲೆ ಇಡಬೇಕು. ಎಲ್ಲಿ ಇಡುವುದು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಮೊದಲು ಫೋಟೊ, ಆಮೇಲೆ ಮಾತು

ಫೋಟೊವನ್ನು ಆಲ್ಬಮ್‌ನಿಂದ ಕಿತ್ತು ತೆಗೆಯಬೇಡಿ. ಅಂಟಿಕೊಂಡಿದ್ದರೆ ಪುಟದ ಸಮೇತ ಚಿತ್ರ ತೆಗೆಯಿರಿ. ಸ್ಕ್ಯಾನರ್ ಇದ್ದರೆ ಚಿಕ್ಕ ಫೋಟೊಗಳಿಗೆ 600 ಡಿಪಿಐ ಇಡಿ. ಮೊಬೈಲ್ ಆದರೆ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ ತೆಗೆಯಿರಿ. ಹಿಂಬದಿಯನ್ನೂ ತಪ್ಪದೆ ತೆಗೆಯಿರಿ. ಸ್ಟುಡಿಯೊದ ಮುದ್ರೆ, ತಾರೀಖು, ಕನ್ನಡದಲ್ಲೋ ಮರಾಠಿಯಲ್ಲೋ ಉರ್ದುವಿನಲ್ಲೋ ಬರೆದ ಒಂದು ಸಾಲು, ಎಷ್ಟೋ ಸಲ ಮುಂಬದಿಗಿಂತ ಹೆಚ್ಚು ಹೇಳುತ್ತದೆ. ಓದಲು ಬಾರದ ಲಿಪಿಯಿದ್ದರೆ ಸಹಪಾಠಿಯ ಸಹಾಯ ಕೇಳಿ. ನಮ್ಮ ತರಗತಿಗಳಲ್ಲಿ ಈ ಮೂರೂ ಭಾಷೆ ಓದುವವರಿದ್ದಾರೆ.

ಬೀದಿಯದೇ ಫೋಟೊ ಸಿಗುವುದು ಅಪರೂಪ. ಆ ಕಾಲದಲ್ಲಿ ರೀಲು ದುಬಾರಿ, ಖಾಲಿ ಬೀದಿಗೆ ಯಾರೂ ರೀಲು ಖರ್ಚು ಮಾಡುತ್ತಿರಲಿಲ್ಲ. ಮದುವೆಯ ದಿಬ್ಬಣ, ಶಾಲೆಯ ಗುಂಪು, ಹೊಸ ಸೈಕಲ್ ಹಿಡಿದು ನಿಂತ ಹುಡುಗ, ಹಬ್ಬದ ದಿನ ಮನೆಯ ಮುಂದೆ ನಿಂತ ಅಣ್ಣತಮ್ಮಂದಿರು, ಇಂಥ ಚಿತ್ರಗಳ ಹಿಂದೆಯೇ ಬೀದಿ ಕಾಣುತ್ತದೆ. ಮುಖಗಳನ್ನು ನೋಡಿದ ಮೇಲೆ ಅವರ ಹೆಗಲಿನ ಹಿಂದೆ ನೋಡಿ. ಅಂಗಡಿಯ ಫಲಕ, ಹೆಂಚಿನ ಮಾಡು, ಕಟ್ಟೆ, ವಿದ್ಯುತ್ ಕಂಬ, ದೂರದ ಗುಡ್ಡ, ಎಲ್ಲವೂ ಗುರುತುಗಳೇ.

ಆಮೇಲೆ ಆ ಮನೆಯ ಹಿರಿಯರ ಹತ್ತಿರ ಕೂತು ಕೇಳಿ. 'ಇದು ಎಲ್ಲಿ?' ಎಂದು ಒಂದೇ ಪ್ರಶ್ನೆ ಹಾಕಿದರೆ 'ಸೂಪಾದಲ್ಲಿ' ಎಂಬ ಒಂದೇ ಉತ್ತರ ಬರುತ್ತದೆ. 'ಅಜ್ಜಾ, ನೀವು ಈ ಬಾಗಿಲಿನಿಂದ ಹೊರಗೆ ಬಂದರೆ ಎಡಗಡೆ ಯಾರ ಮನೆ? ನದಿಗೆ ಹೋಗಲು ಯಾವ ಕಡೆ ತಿರುಗಬೇಕಿತ್ತು? ಸೇತುವೆ ಇಲ್ಲಿಂದ ಕಾಣುತ್ತಿತ್ತೇ?' ಎಂದು ಕೇಳಿ. ನಡೆದ ದಾರಿಯನ್ನು ಕಾಲು ಮರೆಯುವುದಿಲ್ಲ ಎನ್ನುತ್ತಾರಲ್ಲ, ಅದು ಇಲ್ಲಿ ನಿಜ. ಕೈಗೆ ಒಂದು ದೊಡ್ಡ ಹಾಳೆ, ಪೆನ್ಸಿಲ್ ಕೊಡಿ. ಮೊದಲು ನದಿಯ ಗೆರೆ, ಆಮೇಲೆ ದೊಡ್ಡ ರಸ್ತೆ, ಆಮೇಲೆ ಮನೆಗಳು ಎಂಬ ಕ್ರಮದಲ್ಲಿ ಬರೆಯಲು ಹೇಳಿ. ಮನೆಯ ಹೆಂಗಸರನ್ನು ತಪ್ಪದೆ ಕೇಳಿ. ಬಾವಿ, ಹಿತ್ತಿಲ ದಾರಿ, ಅಕ್ಕಪಕ್ಕದ ಅಡುಗೆಮನೆಗಳ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನೀರಿನ ಮೇಲೆ ಜಾಗ ಹುಡುಕುವುದು

ಹಿರಿಯರು ಬರೆದ ಚಿತ್ರಕ್ಕೆ ಅಳತೆ ಇರುವುದಿಲ್ಲ. ಅದನ್ನು ಭೂಮಿಯ ಮೇಲೆ ಕೂರಿಸಲು ಹಳೆಯ ನಕ್ಷೆ ಬೇಕು. ಸರ್ವೆ ಆಫ್ ಇಂಡಿಯಾದ ಸ್ಥಳಾಕೃತಿ ನಕ್ಷೆಗಳಲ್ಲಿ ನಮ್ಮ ಭಾಗ 48 ಐ ಎಂಬ ಗುಂಪಿನ ಹಾಳೆಗಳಲ್ಲಿ ಬರುತ್ತದೆ. ಇವುಗಳಲ್ಲಿ ಅಣೆಕಟ್ಟಿಗಿಂತ ಮೊದಲಿನ ಹಾಳೆ ಬೇಕು. ಇಂದಿನದರಲ್ಲಿ ನೀರೇ ಕಾಣುತ್ತದೆ. ಆದರೆ ಪ್ರಮಾಣವನ್ನು ಗಮನಿಸಿ. ಒಂದು ಮೈಲಿಯನ್ನು ಒಂದು ಇಂಚಿನಲ್ಲಿ ತೋರಿಸುವ ನಕ್ಷೆಯಲ್ಲಿ 250 ಮೀಟರಿನ ಬೀದಿ ಸುಮಾರು 4 ಮಿಲಿಮೀಟರ್ ಆಗುತ್ತದೆ. ಊರು, ನದಿ, ರಸ್ತೆ ಸಿಗುತ್ತವೆ, ಮನೆಗಳು ಸಿಗುವುದಿಲ್ಲ. ಇನ್ನೂ ಹತ್ತಿರ ಹೋಗಲು ಹಳೆಯ ಗ್ರಾಮ ನಕಾಶೆ ಬೇಕು. ಮನೆಯಲ್ಲಿ ಭೂಸ್ವಾಧೀನದ ಅಥವಾ ಪರಿಹಾರದ ಕಾಗದಗಳಿದ್ದರೆ ಅವುಗಳಲ್ಲಿ ಸರ್ವೆ ನಂಬರ್ ಇರಬಹುದು. ಆ ನಂಬರು ಮತ್ತು ನಕಾಶೆ ಸೇರಿದರೆ ಜಾಗ ಬಹಳ ಹತ್ತಿರಕ್ಕೆ ಬರುತ್ತದೆ.

ಹಳೆಯ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಹೊಂದಿಸಲು ಎರಡರಲ್ಲೂ ಇರುವ ನಾಲ್ಕೈದು ಜಾಗಗಳು ಬೇಕು. ಊರು ಮುಳುಗಿದರೂ ಗುಡ್ಡದ ತುದಿಗಳು ಮುಳುಗಿಲ್ಲ. ಅವೇ ನಮ್ಮ ಆಧಾರ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಹಳೆಯ ನಕ್ಷೆಯ ಗುಡ್ಡದ ತುದಿಯನ್ನು ಒತ್ತಿ, ಇಂದಿನ ನಕ್ಷೆಯ ಅದೇ ತುದಿಯನ್ನು ಒತ್ತಿದರೆ ಅದು ಎರಡನ್ನೂ ಒಂದರ ಮೇಲೊಂದು ಕೂರಿಸುತ್ತದೆ. ಉಪಗ್ರಹ ಚಿತ್ರಗಳೂ ನೆರವಿಗೆ ಬರುತ್ತವೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿವೆ, ಅವು ಈಗ ಉಚಿತ. ಮೊದಲಿನ ಚಿತ್ರಗಳಲ್ಲಿ ಒಂದು ಚುಕ್ಕಿಯೆಂದರೆ ನೆಲದ ಮೇಲೆ ಸುಮಾರು 80 ಮೀಟರ್. ಓಣಿ ಕಾಣದಿದ್ದರೂ ಕಣಿವೆ ತುಂಬುವ ಮೊದಲಿನ ನದಿಯ ತಿರುವನ್ನು ಹುಡುಕಲು ಅಷ್ಟು ಸಾಕು.

ಇನ್ನೊಂದು ಉಪಾಯ ಫೋಟೊದಲ್ಲೇ ಇದೆ. ಹಿನ್ನೆಲೆಯ ಗುಡ್ಡಗಳ ಅಂಚು ಇಂದಿಗೂ ಹಾಗೇ ಇದೆ. ಹಿನ್ನೀರಿನ ದಡದ ರಸ್ತೆಯಿಂದ ಆ ಅಂಚನ್ನು ಹೋಲಿಸಿದರೆ ಕ್ಯಾಮೆರಾ ಯಾವ ದಿಕ್ಕಿಗೆ ನೋಡುತ್ತಿತ್ತು ಎಂಬುದು ತಿಳಿಯುತ್ತದೆ. ಆದರೆ ಎಚ್ಚರ: ಇದಕ್ಕಾಗಿ ನೀರಿಗೆ ಇಳಿಯಬೇಡಿ, ಅಣೆಕಟ್ಟಿನ ನಿರ್ಬಂಧಿತ ಪ್ರದೇಶಕ್ಕೆ ಹೋಗಬೇಡಿ, ಹಿರಿಯರನ್ನು ಬಿಟ್ಟು ಒಬ್ಬರೇ ಹೋಗಬೇಡಿ.

ಪಟ್ಟಿ ಮತ್ತು ನಕ್ಷೆ

ಪ್ರತಿ ಫೋಟೊಗೆ ಒಂದು ಸಂಖ್ಯೆ ಕೊಟ್ಟು ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸಾಲು ಬರೆಯಿರಿ: ಸಂಖ್ಯೆ, ಶೀರ್ಷಿಕೆ, ಅಂದಾಜು ವರ್ಷ, ಕ್ಯಾಮೆರಾದ ದಿಕ್ಕು, ಅಕ್ಷಾಂಶ, ರೇಖಾಂಶ, ಯಾರು ಗುರುತಿಸಿದರು, ಎಷ್ಟು ಖಚಿತ, ಅನುಮತಿ ಇದೆಯೇ. ವರ್ಷ ಗೊತ್ತಿಲ್ಲದಿದ್ದರೆ '1970ರ ದಶಕ' ಎಂದೇ ಬರೆಯಿರಿ.

ಅಕ್ಷಾಂಶ ರೇಖಾಂಶಗಳಲ್ಲಿ ಎರಡು ತಪ್ಪುಗಳು ಸಾಮಾನ್ಯ. ಮೊದಲನೆಯದು ಅದಲುಬದಲು. ನಮ್ಮ ಅಕ್ಷಾಂಶ ಸುಮಾರು 15, ರೇಖಾಂಶ ಸುಮಾರು 74. ಇವು ತಿರುವುಮುರುವಾದರೆ ನಿಮ್ಮ ಅಜ್ಜನ ಮನೆ ನಾರ್ವೆಗೂ ಉತ್ತರದ ತಣ್ಣನೆಯ ಸಮುದ್ರದಲ್ಲಿ ಹೋಗಿ ಕೂರುತ್ತದೆ! ಎರಡನೆಯದು ಸುಳ್ಳು ನಿಖರತೆ. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿಲೋಮೀಟರ್. ದಶಮಾಂಶದ ನಂತರ ನಾಲ್ಕು ಅಂಕಿ ಬರೆದರೆ 11 ಮೀಟರಿನಷ್ಟು, ಆರು ಅಂಕಿ ಬರೆದರೆ 11 ಸೆಂಟಿಮೀಟರಿನಷ್ಟು ನಿಖರವೆಂದು ಹೇಳಿದಂತೆ. 50 ವರ್ಷ ಹಿಂದಿನ ನೆನಪಿಗೆ ಆರು ಅಂಕಿ ಹಚ್ಚುವುದು ಪ್ರಾಮಾಣಿಕತೆಯಲ್ಲ.

ಪಟ್ಟಿ ಸಿದ್ಧವಾದ ಮೇಲೆ ನಕ್ಷೆಗೆ ಕೋಡಿಂಗ್ ಬರಲೇಬೇಕೆಂದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ 'ಯುಮ್ಯಾಪ್' ಎಂಬ ಉಚಿತ ಜಾಲತಾಣಕ್ಕೆ ಈ ಪಟ್ಟಿಯನ್ನು ಸಿಎಸ್‌ವಿ ರೂಪದಲ್ಲಿ ಕೊಟ್ಟರೆ ಚುಕ್ಕೆಗಳು ತಾವಾಗಿ ಮೂಡುತ್ತವೆ. ಚಿತ್ರದ ಜಾಲವಿಳಾಸವನ್ನು ಎರಡೆರಡು ಪುಷ್ಪಾವರಣಗಳ ನಡುವೆ ಬರೆದರೆ ಚುಕ್ಕೆ ಒತ್ತಿದಾಗ ಫೋಟೊ ತೆರೆಯುತ್ತದೆ. ಖಾತೆ ಇಲ್ಲದೆ ಮಾಡಿದರೆ ತಿದ್ದುವ ಗುಟ್ಟಿನ ಕೊಂಡಿಯನ್ನು ಬರೆದಿಟ್ಟುಕೊಳ್ಳಿ, ಕಳೆದರೆ ತಿದ್ದಲಾಗದು. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಮುಂದೆ 'ಲೀಫ್ಲೆಟ್' ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಿಂದ ವರ್ಷದ ಪಟ್ಟಿ ಎಳೆದು ನೋಡುವ ನಕ್ಷೆಯನ್ನೂ ಮಾಡಬಹುದು.

ಎರಡು ಪದರಗಳಿರಲಿ. ಒಂದು ಮುಳುಗುವ ಮೊದಲಿನ ಸೂಪಾ, ಇನ್ನೊಂದು ರಾಮನಗರದ ಮೊದಲ ವರ್ಷಗಳು. ಮರಗಳಿಲ್ಲದ ಹೊಸ ಸಾಲುಮನೆಗಳ ಚಿತ್ರ ನಿಮ್ಮ ಮನೆಯಲ್ಲಿದ್ದರೆ ಅದೂ ಈಗ ಇತಿಹಾಸವೇ. ಅಲ್ಲಿ ಒಂದೇ ಓಣಿಯಲ್ಲಿದ್ದವರು ಇಲ್ಲಿ ಯಾವ ಯಾವ ಸಾಲಿಗೆ ಚದುರಿದರು ಎಂಬುದನ್ನು ಎರಡೂ ಪದರಗಳನ್ನು ಒಟ್ಟಿಗೆ ನೋಡಿದಾಗಲೇ ತಿಳಿಯುವುದು.

ಮೂರು ಬಣ್ಣದ ನಿಯಮ

ನಕ್ಷೆಯ ಮೇಲಿನ ಚುಕ್ಕೆಯನ್ನು ಜನ ಪ್ರಶ್ನಿಸದೆ ನಂಬುತ್ತಾರೆ. ಆದ್ದರಿಂದ ನಮಗೆ ಗೊತ್ತಿದ್ದಷ್ಟನ್ನೇ ಅದು ಹೇಳಬೇಕು. ಕಾಗದ ಅಥವಾ ನಕಾಶೆಯ ಆಧಾರವಿದ್ದರೆ ಹಸಿರು. ಇಬ್ಬರು ಬೇರೆ ಬೇರೆಯಾಗಿ ಒಂದೇ ಜಾಗ ಹೇಳಿದರೆ ಹಳದಿ. ಒಬ್ಬರ ನೆನಪು ಮಾತ್ರವಾದರೆ ಕೆಂಪು. ಇಬ್ಬರ ಮಾತು ಹೊಂದದಿದ್ದರೆ ಒಬ್ಬರನ್ನು ಸುಳ್ಳು ಮಾಡಬೇಡಿ. ಎರಡನ್ನೂ ಬರೆಯಿರಿ. ಕೆಂಪು ಚುಕ್ಕೆ ಸೋಲಲ್ಲ. ಅದನ್ನು ನೋಡಿದ ಇನ್ನೊಂದು ಮನೆಯವರು 'ಅಲ್ಲಪ್ಪಾ, ಅದು ಸೇತುವೆಯ ಆಚೆಗೆ' ಎಂದು ತಿದ್ದಲು ಬರುತ್ತಾರೆ. ನಕ್ಷೆ ಬೆಳೆಯುವುದೇ ಹೀಗೆ.

ಕೊನೆಯದಾಗಿ ಅನುಮತಿ. ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು ಕಾನೂನಿನಲ್ಲಿ ಸಾಮಾನ್ಯವಾಗಿ ತೆಗೆಸಿದವರದು. ಆದರೆ ಕಾನೂನಿಗಿಂತ ಮೊದಲು ಮರ್ಯಾದೆ. ಮನೆಯ ಹೆಣ್ಣುಮಕ್ಕಳ ಚಿತ್ರ ಎಲ್ಲರೂ ನೋಡುವಂತೆ ಇಡುವುದು ಕೆಲವು ಕುಟುಂಬಗಳಿಗೆ ಇಷ್ಟವಿರುವುದಿಲ್ಲ. ಹಾಗಿದ್ದರೆ ಮುಖಗಳ ಭಾಗ ಕತ್ತರಿಸಿ ಹಿಂದಿನ ಬೀದಿಯನ್ನಷ್ಟೇ ಹಾಕಿ, ಅಥವಾ ಚಿತ್ರ ಹಾಕದೆ ಜಾಗದ ವಿವರ ಮಾತ್ರ ಬರೆಯಿರಿ. ಬೇಡ ಎಂದರೆ ಬೇಡ. ಇಂದು ಯಾರು ಎಲ್ಲಿ ವಾಸವಿದ್ದಾರೆ ಎಂಬುದನ್ನು ನಕ್ಷೆಯಲ್ಲಿ ತೋರಿಸಬೇಡಿ. ಮೂಲ ಫೋಟೊವನ್ನು ಆ ಮನೆಯಲ್ಲೇ ಕೂತು ಸ್ಕ್ಯಾನ್ ಮಾಡಿ, ಅಲ್ಲೇ ಹಿಂತಿರುಗಿಸಿ. ಒಮ್ಮೆ ಒಂದು ಆಲ್ಬಮ್ ಕಳೆದರೆ ಮುಂದೆ ಯಾವ ಮನೆಯ ಕಪಾಟೂ ತೆರೆಯುವುದಿಲ್ಲ.

ಈ ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಈ ಭಾನುವಾರ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಒಂದು ಹಳೆಯ ಫೋಟೊ ಕೇಳಿ. ಅಜ್ಜಿಯ ಕೈಗೆ ಕೊಟ್ಟು, ಈ ಬಾಗಿಲಿನಿಂದ ಹೊರಗೆ ಬಂದರೆ ಎಡಕ್ಕೆ ಏನಿತ್ತು ಎಂದು ಕೇಳಿ, ಅವರು ಹೇಳಿದ್ದನ್ನು ತಾರೀಖಿನ ಸಮೇತ ಬರೆದಿಡಿ. ಚುಕ್ಕೆಯನ್ನು ನಕ್ಷೆಯ ಮೇಲೆ ಮುಂದಿನ ವರ್ಷವೂ ಇಡಬಹುದು. ಆ ಉತ್ತರವನ್ನು ಮಾತ್ರ ಈಗಲೇ ಬರೆದುಕೊಳ್ಳಬೇಕು.