ಗುಡ್ಡ ಹತ್ತುವವರೇ, ನಿಮ್ಮ ನಕ್ಷೆ ಎಲ್ಲಿ?

ಚಾರಣಕ್ಕೆ ಬಿಟ್ಟ ದಿನಗಳಲ್ಲಿ ಶನಿವಾರ ಬೆಳಗಿನ ಜಾವ ಬೆಂಗಳೂರು ಬಸ್ಸು ಕುಕ್ಕೆ ಸುಬ್ರಹ್ಮಣ್ಯದಲ್ಲಿ ನಿಂತರೆ ಸಾಕು, ದೇವಸ್ಥಾನಕ್ಕೆ ಬಂದವರ ಜೊತೆಗೆ ಬೆನ್ನಿಗೆ ಮೂಟೆಯಂಥ ಬ್ಯಾಗು ಏರಿಸಿಕೊಂಡ ಹುಡುಗರ ದಂಡೂ ಇಳಿಯುತ್ತದೆ. ಇವರ ಸವಾರಿ ಕುಮಾರ ಪರ್ವತಕ್ಕೆ. ಬ್ಯಾಗಿನಲ್ಲಿ ಬ್ರೆಡ್ಡಿದೆ, ಟಾರ್ಚಿದೆ, ನೀರಿದೆ. ನಕ್ಷೆ? ‘ಮೊಬೈಲ್ ಇದೆಯಲ್ಲ’ ಅನ್ನೋದೇ ಉತ್ತರ.

ಪರ್ವತದ ಎತ್ತರ 1,712 ಮೀಟರ್. ಕುಕ್ಕೆಯಿಂದ ಏರಬೇಕಾದ್ದು ಸಾವಿರದ ಐನೂರು ಮೀಟರಿಗೂ ಹೆಚ್ಚು. ಗಿರಿಗದ್ದೆ ದಾಟಿ, ಕಲ್ಲುಮಂಟಪ ದಾಟಿ, ಶೇಷಪರ್ವತ ಏರಿ ಇಳಿದು ಮತ್ತೆ ಏರಬೇಕು. ಮಂಜು ಕವಿದರೆ ಹತ್ತು ಮಾರು ದೂರದ ಜೊತೆಗಾರನೇ ಕಾಣೋದಿಲ್ಲ. ಅಂಥ ಹೊತ್ತಲ್ಲಿ ಮೊಬೈಲು ಎಷ್ಟು ಆಸರೆ?

ಚುಕ್ಕೆ ಉಂಟು, ದಾರಿ ಇಲ್ಲ

ಜನರಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಟವರ್ ಸಿಗದಿದ್ದರೆ ಜಿಪಿಎಸ್ ಸತ್ತುಹೋಗುತ್ತದೆ ಅಂತಾರೆ. ಹಾಗಲ್ಲ. ಭೂಮಿಯಿಂದ 20 ಸಾವಿರ ಕಿ.ಮೀ.ಗೂ ಮೇಲೆ ಸುತ್ತುವ ಉಪಗ್ರಹಗಳ ಸಂಕೇತವನ್ನು ಮೊಬೈಲು ನೇರವಾಗಿ ಹಿಡಿಯುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ನೀವಿರುವ ಜಾಗ ಗೊತ್ತಾಗುತ್ತದೆ. ಸಿಮ್ ಕಾರ್ಡೂ ಬೇಡ. ಇಲ್ಲವಾಗುವುದು ನಕ್ಷೆ! ಅದು ಬರಬೇಕಾದ್ದು ಇಂಟರ್ನೆಟ್ಟಿನಿಂದ. ಕೊನೆಗೆ ಬಿಳೀ ಪರದೆ ಮೇಲೆ ಒಂದು ನೀಲಿ ಚುಕ್ಕೆ ಮಾತ್ರ ಉಳಿಯುತ್ತದೆ. ಎಡಕ್ಕೆ ಪ್ರಪಾತವೋ ಬಲಕ್ಕೆ ದಾರಿಯೋ ಅಂತ ಆ ಚುಕ್ಕೆ ಹೇಳುವುದಿಲ್ಲ.

ಆದ್ದರಿಂದ ಹೊರಡುವ ಮುಂಚೆ ಮನೆಯಲ್ಲೇ ಆ ಪ್ರದೇಶದ ನಕ್ಷೆ ಇಳಿಸಿಕೊಳ್ಳಬೇಕು. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆಂಡ್‌ನಂಥ ಆ್ಯಪುಗಳು ಈ ಕೆಲಸಕ್ಕೆ ಇವೆ. ಕಾಡಿನಲ್ಲಿ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿದರೆ ಬ್ಯಾಟರಿ ಉಳಿಯುತ್ತದೆ.

ಸರ್ಕಾರಿ ನಕ್ಷೆ ಪುಕ್ಕಟೆ

1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾ ಇಲಾಖೆಯ ನಕ್ಷೆಗಳು ಒಂದು ಕಾಲಕ್ಕೆ ಸಾಮಾನ್ಯರ ಕೈಗೆ ಸಿಗುವುದೇ ಕಷ್ಟವಾಗಿತ್ತು. ಗಡಿ ಮತ್ತು ಕರಾವಳಿ ಪಟ್ಟಿಯ ಹಾಳೆಗಳ ಮೇಲೆ ‘ನಿರ್ಬಂಧಿತ’ ಎಂಬ ಮುದ್ರೆ. 2005ರ ನಕ್ಷೆ ನೀತಿ ಜನರಿಗೆಂದೇ ಬೇರೆ ಸರಣಿ ಮಾಡಿತು. 2017ರಲ್ಲಿ ಆ ಸರಣಿಯನ್ನು ಇಲಾಖೆ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಬಿಟ್ಟಿತು. ಇದು ಗೊತ್ತಿರುವವರು ಎಷ್ಟು ಜನ?

ಈ ಹಾಳೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಕಂದು ಬಣ್ಣದ ಗೆರೆಗಳು ಎತ್ತರ ತೋರಿಸುತ್ತವೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಜಾಗ, ದೂರ ದೂರ ಇದ್ದರೆ ಇಳಿಜಾರು ಕಡಿಮೆ. ಹಳ್ಳ ನೀಲಿ, ಕಾಡು ಹಸಿರು. ಇಷ್ಟು ಕಲಿಯಲು ಅರ್ಧ ಗಂಟೆ ಸಾಕು. ಮುದ್ರಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಚಾರ್ಜೂ ಬೇಡ, ಮಳೆಗೂ ಹೆದರಬೇಕಿಲ್ಲ. ಒಂದು ಎಚ್ಚರಿಕೆ: ನಕ್ಷೆಯಲ್ಲಿ ಕಾಲುದಾರಿಯ ಗೆರೆ ಕಂಡಿತು ಅಂತ ನುಗ್ಗುವ ಹಾಗಿಲ್ಲ. ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಪಡೆಯಬೇಕು.

ಕೈಯಂತ್ರ ಬೇಕೇ?

ಒಂದು ದಿನದ ಗುಡ್ಡಕ್ಕೆ ಬೇಕಿಲ್ಲ. ಮೂರು ನಾಲ್ಕು ದಿನ ನಡೆಯುವವರಿಗೆ ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ಲೇಸು. ಗಾರ್ಮಿನ್ ಕಂಪೆನಿಯ ಇಟ್ರೆಕ್ಸ್‌ನ ಹಲವು ಮಾದರಿಗಳು ಎರಡು ಪೆನ್ ಸೆಲ್ಲಿನಲ್ಲಿ ಸುಮಾರು 25 ಗಂಟೆ ನಡೆಯುತ್ತವೆ ಅಂತ ಕಂಪೆನಿ ಹೇಳುತ್ತದೆ. ಸೆಲ್ಲು ಮುಗಿದರೆ ಹೊಸದು ಹಾಕಿದರಾಯಿತು. ದಟ್ಟ ಮರಗಳಡಿ, ಕಣಿವೆಯಲ್ಲಿ ಯಾವ ಯಂತ್ರವೂ ಸ್ವಲ್ಪ ತಡವರಿಸುತ್ತದೆ, ಅದು ನೆನಪಿರಲಿ.

ಕೊಳ್ಳುವಾಗ ಹುಷಾರ್! ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರವೇ ಬೇರೆ. ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಅದನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಇದು ತಿಳಿಯದೆ ತಂದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದದ್ದುಂಟು.

ದಾರಿ ತಪ್ಪಿದರೆ ಅಲ್ಲಿ ಇಲ್ಲಿ ಓಡಬಾರದು. ನಿಂತು, ಪರದೆಯಲ್ಲಿನ ಅಕ್ಷಾಂಶ ರೇಖಾಂಶ ಬರೆದುಕೊಳ್ಳಬೇಕು. ಸಿಗ್ನಲ್ ಸಿಕ್ಕ ಕೂಡಲೇ 112ಕ್ಕೆ ಆ ಅಂಕಿ ಹೇಳಬೇಕು. ಬಿಂದುವಿನ ಮುಂದೆ ನಾಲ್ಕು ಅಂಕಿ ಹೇಳಿದರೆ ಜಾಗ ಸುಮಾರು 11 ಮೀಟರಿನಷ್ಟು ನಿಖರ. ‘ದೊಡ್ಡ ಮರದ ಹತ್ತಿರ ಇದ್ದೀವಿ’ ಅಂದರೆ ಯಾವ ಮರ ಅಂತ ಹುಡುಕೋದು?

ಪೇಟೆಯ ಜೆರಾಕ್ಸ್ ಅಂಗಡಿಯವರು ಬಂದವರ ನಕ್ಷೆ ಮುದ್ರಿಸಿಕೊಟ್ಟು, ಪೆನ್ ಸೆಲ್ಲು, ಪ್ಲಾಸ್ಟಿಕ್ ಕವರು ಇಟ್ಟುಕೊಂಡರೆ ನಾಲ್ಕು ಕಾಸಿನ ವ್ಯಾಪಾರವೂ ಆದೀತು. ಇಲಾಖೆಯವರು ಟಿಕೆಟ್ಟಿನ ಜೊತೆ ಒಂದು ನಕ್ಷೆ ಹಾಳೆಯನ್ನೂ ಕೊಡಲಿ. ಯಾಕೆಂದರೆ ಯಾರಾದರೂ ಕಳೆದುಹೋದರೆ ರಾತ್ರಿ ಟಾರ್ಚು ಹಿಡಿದು ಜಿಗಣೆ ಕಚ್ಚಿಸಿಕೊಂಡು ಹೊರಡಬೇಕಾದವರು ಅರಣ್ಯ ಸಿಬ್ಬಂದಿ ಮತ್ತು ಈ ಊರಿನ ಜನ. ಒಂದು ಹಾಳೆ ಕಾಗದದಿಂದ ಆ ಅಲೆದಾಟ ತಪ್ಪುವುದಾದರೆ ಅದು ದುಬಾರಿಯಲ್ಲ.