ಹೊಸ ನರ್ಸ್ ಕೈಯಿಂದ ತಪ್ಪಾದಾಗ ಹೇಳಿಕೊಳ್ಳುವುದು ಯಾರಿಗೆ?

ಮಂಗಳೂರು, ಬೆಂಗಳೂರು, ಹಾಸನ, ಕಲಬುರಗಿ ಕಡೆ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ದೆಹಲಿಗೆ ಬರುವ ನಮ್ಮ ಹುಡುಗಿಯರು, ಹುಡುಗರು ಹಿಂದಿನಿಂದಲೂ ಇದ್ದಾರೆ. 2020ರಲ್ಲಿ ಏಮ್ಸ್‌ನವರು ನಾರ್ಸೆಟ್ ಪರೀಕ್ಷೆ ಆರಂಭಿಸಿದ ಮೇಲೆ ಕೆಲವರು ಸರ್ಕಾರಿ ನೌಕರಿಯ ಆಸೆಯಿಂದ ಬರುತ್ತಾರೆ. ಉಳಿದವರು ಗುರುಗ್ರಾಮ, ನೋಯ್ಡಾ, ಫರೀದಾಬಾದ್‌ಗಳ ಖಾಸಗಿ ಆಸ್ಪತ್ರೆಗಳಲ್ಲಿ ಸೇರಿಕೊಳ್ಳುತ್ತಾರೆ. ಆರ್.ಕೆ.ಪುರಂನ ಕರ್ನಾಟಕ ಸಂಘದಲ್ಲಿ ಯುಗಾದಿ, ರಾಜ್ಯೋತ್ಸವ ಇದ್ದಾಗ, ಡ್ಯೂಟಿ ಇಲ್ಲದಿದ್ದರೆ ಬಂದು ಊಟ ಮಾಡಿ, ನಾಲ್ಕು ಮಾತು ಕನ್ನಡದಲ್ಲಿ ಆಡಿ, "ನೈಟ್ ಇದೆ ಅಂಕಲ್" ಎಂದು ಮೆಟ್ರೋ ಹಿಡಿಯುತ್ತಾರೆ. ಆ ನೈಟ್ ಡ್ಯೂಟಿಯಲ್ಲಿ ಅವರ ಕೈಯಿಂದ ಒಂದು ತಪ್ಪು ನಡೆದುಹೋದರೆ ಅವರು ಯಾರಿಗೆ ಹೇಳಿಕೊಳ್ಳಬೇಕು? ನಾವು ಹಿರಿಯರು ಇದನ್ನು ಯೋಚಿಸಿದ್ದು ಕಡಿಮೆ.

ತಪ್ಪು ಎಂದರೆ ಎಂಥದ್ದು ಎಂಬುದಕ್ಕೆ ದೆಹಲಿಯಲ್ಲೇ ನಡೆದ ಪ್ರಕರಣವೊಂದಿದೆ. 1993ರ ಡಿಸೆಂಬರ್‌ನಲ್ಲಿ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯಲ್ಲಿ ಟೈಫಾಯ್ಡ್ ಎಂದು ಒಬ್ಬ ಬಾಲಕನನ್ನು ದಾಖಲು ಮಾಡಿದ್ದರು. ನರ್ಸ್ ಕೇಳಿದರೆಂದು ತಂದೆ ಲಾರಿಯಾಗೊ ಎಂಬ ಇಂಜೆಕ್ಷನ್ ತಂದುಕೊಟ್ಟರು. ಅದನ್ನು ರಕ್ತನಾಳಕ್ಕೆ ಕೊಟ್ಟ ಕೂಡಲೇ ಮಗು ಕುಸಿಯಿತು. ಏಮ್ಸ್‌ಗೆ ಸಾಗಿಸಿದರೂ ಮೆದುಳಿಗೆ ಆದ ಹಾನಿ ವಾಪಸಾಗಲಿಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗ ಮಗುವಿಗೆ 12.5 ಲಕ್ಷ, ತಂದೆ ತಾಯಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 1998ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿಚಾರಣೆಯಲ್ಲಿ ಹೊರಬಂದ ಸಂಗತಿ ಏನೆಂದರೆ, ಆಕೆಗೆ ನರ್ಸ್ ಆಗುವ ಅರ್ಹತೆಯೇ ಇರಲಿಲ್ಲ, ಇಂಜೆಕ್ಷನ್ ಕೊಡುವ ಕೆಲಸವನ್ನು ವೈದ್ಯರು ಆಕೆಗೆ ಬಿಟ್ಟುಬಿಟ್ಟಿದ್ದರು. ಅಂಥವರನ್ನು ನೇಮಿಸಿಕೊಂಡ ಆಸ್ಪತ್ರೆಯೇ ಹೊಣೆ ಎಂದು ನ್ಯಾಯಾಲಯ ಹೇಳಿತು.

ಅರ್ಹತೆ ಇದ್ದವರಿಗೂ ಕೈ ತಪ್ಪುವ ಜಾಗಗಳು ವಾರ್ಡಿನಲ್ಲಿ ಎಷ್ಟೋ ಇವೆ. ಇನ್ಸುಲಿನ್ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಯೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಎರಡಕ್ಕೂ ಬೇರೆ ಬೇರೆ ಸಿರಿಂಜ್. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಬಾಟಲಿಯ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದರೆ 20 ಯೂನಿಟ್ ಗೆರೆಗೆ ನಿಂತದ್ದು ನಿಜವಾಗಿ 50 ಯೂನಿಟ್. ರೋಗಿಯ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಎಂಬುದು ಇನ್ನೊಂದು. ಸಲೈನ್‌ನಲ್ಲಿ ಬೆರೆಸಿ ನಿಧಾನವಾಗಿ ಹರಿಸಬೇಕಾದ ಆ ಔಷಧವನ್ನು ನೇರವಾಗಿ ಚುಚ್ಚಿದರೆ ಹೃದಯ ನಿಲ್ಲುತ್ತದೆ. ನಾನು ಬ್ಯಾಂಕಿನವನು. ನಮ್ಮಲ್ಲಿ ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ಪಾಸ್ ಮಾಡದೆ ದೊಡ್ಡ ಮೊತ್ತ ಕದಲುವುದಿಲ್ಲ. ಒಳ್ಳೆಯ ಆಸ್ಪತ್ರೆಗಳಲ್ಲಿ ಇಂಥ ಔಷಧಗಳಿಗೆ ಇಬ್ಬರು ನರ್ಸ್‌ಗಳು ಬೇರೆ ಬೇರೆಯಾಗಿ ನೋಡಿ ಸಹಿ ಹಾಕುವ ಪದ್ಧತಿ ಇದೆ. ಆದರೆ ರಾತ್ರಿ ಎರಡು ಗಂಟೆಗೆ ಆ ಎರಡನೆಯವರು ಇನ್ನೊಂದು ಹಾಸಿಗೆಯ ಬಳಿ ಓಡಿರುತ್ತಾರೆ.

ನಮ್ಮ ಪರಿಚಯದ ಮನೆಯ ಹುಡುಗಿಯೊಬ್ಬಳು, ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗಿರಲಿಲ್ಲ. ಅವಳ ವಾರ್ಡಿನಲ್ಲಿ ಆ ದಿನ ಸುನೀತಾ ದೇವಿ ಎಂಬ ಹೆಸರಿನವರು ಇಬ್ಬರಿದ್ದರು. ದೆಹಲಿಯಲ್ಲಿ ಇದು ಅಪರೂಪವಲ್ಲ. ಫೈಲಿನ ಹೆಸರು ನೋಡಿ, ತನ್ನ ಅರೆಬರೆ ಹಿಂದಿಯಲ್ಲಿ "ಆಪ್ ಸುನೀತಾ ದೇವಿ ಹೈಂ ನಾ?" ಎಂದಳು. ನಿದ್ದೆಗಣ್ಣಿನ ಅಜ್ಜಿ "ಹಾಂ ಜೀ" ಎಂದರು. ಕೈಪಟ್ಟಿಯ ನಂಬರ್ ತಾಳೆ ನೋಡದೆ ಬಿ.ಪಿ. ಮಾತ್ರೆ ಕೊಟ್ಟಳು. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಸುನೀತಾ ದೇವಿ ತನ್ನ ಮಾತ್ರೆ ಎಲ್ಲಿ ಎಂದು ಕೇಳಿದಾಗಲೇ ಅವಳಿಗೆ ಗೊತ್ತಾದದ್ದು. ಜತೆಯ ಹಿರಿಯ ನರ್ಸ್ ಒಬ್ಬರು "ಸುಮ್ಮನಿರು, ಒಂದು ಮಾತ್ರೆಗೆ ಏನೂ ಆಗಲ್ಲ" ಎಂದರಂತೆ. ಇವಳು ಸುಮ್ಮನಿರಲಿಲ್ಲ. ಡ್ಯೂಟಿ ಡಾಕ್ಟರನ್ನು ಎಬ್ಬಿಸಿದಳು. ರಾತ್ರಿಯಿಡೀ ಹದಿನೈದು ನಿಮಿಷಕ್ಕೊಮ್ಮೆ ಬಿ.ಪಿ. ನೋಡಿದರು. ಎರಡು ಸಲ ಚೆನ್ನಾಗಿಯೇ ಇಳಿಯಿತು, ಸಲೈನ್ ಹಾಕಿದರು, ಬೆಳಗಿನ ಹೊತ್ತಿಗೆ ಸರಿಹೋಯಿತು. ಅಜ್ಜಿಯ ಮಗಳಿಗೂ ವಿಷಯ ತಿಳಿಸಿದರು. ಆಕೆ ಎಲ್ಲರೆದುರು ಕೂಗಾಡಿದರು. "ಕೂಗಿದ್ದು ಸರಿಯಾಗೇ ಇತ್ತು ಆಂಟಿ, ನನ್ನ ಅಮ್ಮನಿಗಾಗಿದ್ದರೆ ನಾನೂ ಕೂಗ್ತಿದ್ದೆ" ಎಂದು ಆಮೇಲೆ ನನ್ನ ಹೆಂಡತಿಯ ಹತ್ತಿರ ಹೇಳಿದಳು.

ರೋಗಿ ಗುಣವಾಗಿ ಮನೆಗೆ ಹೋದರು. ಕಷ್ಟ ಶುರುವಾದದ್ದು ಇವಳಿಗೆ. ಪ್ರತಿ ಮಾತ್ರೆಯನ್ನೂ ಮೂರು ಮೂರು ಸಲ ನೋಡುವುದು, ಕೋಣೆಗೆ ಬಂದ ಮೇಲೆ ವಾರ್ಡಿಗೆ ಫೋನ್ ಮಾಡಿ ಆ ಹಾಸಿಗೆಯವರು ಹೇಗಿದ್ದಾರೆ ಎಂದು ಕೇಳುವುದು, ಊಟ ಸೇರದಿರುವುದು. ಊರಿನಿಂದ ತಾಯಿ ಫೋನ್ ಮಾಡಿದರೆ ಎಲ್ಲಾ ಚೆನ್ನಾಗಿದೆ ಎನ್ನುವುದು. ಎರಡು ವಾರದ ಮೇಲೆ ಒಂದು ಭಾನುವಾರ ನಮ್ಮ ಮನೆಯ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಾ ಎಲ್ಲವನ್ನೂ ಹೇಳಿ ಅತ್ತಳು. ನನ್ನ ಹೆಂಡತಿ ಬುದ್ಧಿ ಹೇಳಲಿಲ್ಲ, ಸಮಾಧಾನವನ್ನೂ ಹೆಚ್ಚು ಹೇಳಲಿಲ್ಲ. ಕೇಳಿಸಿಕೊಂಡು, ಊಟ ಹಾಕಿ, ಮಲಗಿಸಿದಳು.

ಇದು ಇವಳೊಬ್ಬಳ ಮೃದು ಸ್ವಭಾವವಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಡಾ. ಆಲ್ಬರ್ಟ್ ವೂ 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಬಗ್ಗೆ ಬರೆದರು. ತಪ್ಪಿನ ಮೊದಲ ಬಲಿ ರೋಗಿ. ತಪ್ಪು ಮಾಡಿದ ಡಾಕ್ಟರ್ ಎರಡನೆಯ ಬಲಿ, ಅವರಿಗೂ ನೆರವು ಬೇಕು ಎಂಬುದು ಅವರ ಮಾತು. ಅದು ಆಮೇಲೆ ನರ್ಸ್‌ಗಳಿಗೂ ಅನ್ವಯವಾಯಿತು. ತಮ್ಮವರನ್ನು ಕಳೆದುಕೊಂಡ ಕುಟುಂಬದವರು ಈ 'ಬಲಿ' ಎಂಬ ಪದಕ್ಕೆ ಆಕ್ಷೇಪ ಎತ್ತಿದ್ದಾರೆ. ಅವರ ಆಕ್ಷೇಪ ನನಗೂ ನ್ಯಾಯವೆನಿಸುತ್ತದೆ. ಪದ ಏನೇ ಇರಲಿ, ನಿದ್ದೆಗೆಟ್ಟು ಹೆದರಿದ ನರ್ಸ್ ಮರುದಿನ ಇನ್ನೊಬ್ಬರಿಗೆ ಇಂಜೆಕ್ಷನ್ ಕೊಡಬೇಕಾಗುತ್ತದೆ ಎಂಬುದನ್ನು ನೆನಪಿಡಬೇಕು.

ಹೇಳಿಬಿಟ್ಟರೆ ಜೈಲಿಗೆ ಹಾಕಿದರೆ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 2017ರ ಡಿಸೆಂಬರ್‌ನಲ್ಲಿ ರಡೋಂಡಾ ವಾಟ್ ಎಂಬ ನರ್ಸ್, ವರ್ಸೆಡ್ ಎಂಬ ಔಷಧದ ಬದಲು ಸ್ನಾಯುಗಳನ್ನೇ ಸ್ತಬ್ಧಗೊಳಿಸುವ ವೆಕುರೋನಿಯಂ ಕೊಟ್ಟರು. 75 ವರ್ಷದ ಮಹಿಳೆ ತೀರಿಕೊಂಡರು. ತಪ್ಪು ತಿಳಿದ ತಕ್ಷಣ ವಾಟ್ ಒಪ್ಪಿಕೊಂಡಿದ್ದರು. ಆದರೂ ನೋಂದಣಿ ಹೋಯಿತು, 2022ರ ಮಾರ್ಚ್‌ನಲ್ಲಿ ಅಪರಾಧಿ ಎಂದು ತೀರ್ಪಾಯಿತು, ಮೇ ತಿಂಗಳಲ್ಲಿ ಜೈಲಿನ ಬದಲು ಮೂರು ವರ್ಷದ ಪ್ರೊಬೇಷನ್ ವಿಧಿಸಿದರು. ಇದರಿಂದ ಎಲ್ಲರೂ ತಪ್ಪು ಮುಚ್ಚಿಡುವಂತಾಗುತ್ತದೆ ಎಂದು ಅಲ್ಲಿನ ನರ್ಸ್‌ಗಳ ಸಂಘ ಎಚ್ಚರಿಸಿತು.

ನಮ್ಮಲ್ಲಿ ಸ್ಥಿತಿ ಇನ್ನೂ ಸೂಕ್ಷ್ಮ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನಲ್ಲಿ, ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಸಜೆ. ನೋಂದಾಯಿತ ವೈದ್ಯರಿಗೆ ಮಾತ್ರ ಅದು ಎರಡು ವರ್ಷ. ಆ ವಿನಾಯಿತಿಯ ವಿವರಣೆ ವೈದ್ಯರ ರಿಜಿಸ್ಟರಿನಲ್ಲಿ ಹೆಸರಿರುವವರನ್ನಷ್ಟೇ ಹೇಳುತ್ತದೆ, ನರ್ಸ್‌ಗಳು ಅದರಲ್ಲಿಲ್ಲ. ಒಂದೇ ಹಾಸಿಗೆಯ ಪಕ್ಕ ನಿಂತ ಇಬ್ಬರಿಗೆ ಎರಡು ಅಳತೆ ಏಕೆ ಎಂದು ನನಗೆ ಅರ್ಥವಾಗಿಲ್ಲ. ಆದರೆ ಪ್ರತಿ ತಪ್ಪೂ ಅಪರಾಧವಲ್ಲ. ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯ ಇರಬೇಕು ಎಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, ವೈದ್ಯರೊಬ್ಬರ ಮೇಲಿನ ಆರೋಪ ವಿಚಾರಿಸುತ್ತಾ ಹೇಳಿದೆ. ಅಂಥ ಸಂದರ್ಭದಲ್ಲಿ ನರ್ಸ್ ಕೈಯಲ್ಲಿ ಉಳಿಯುವುದು ದಾಖಲೆಯೊಂದೇ: ಎಷ್ಟು ಗಂಟೆಗೆ ಕೊಟ್ಟೆ, ಎಷ್ಟು ಗಂಟೆಗೆ ಗೊತ್ತಾಯಿತು, ಯಾರಿಗೆ ತಿಳಿಸಿದೆ, ಅವರು ಏನು ಮಾಡಲು ಹೇಳಿದರು. ಇದನ್ನು ಆಗಲೇ ಬರೆಯಬೇಕು. ಚಾರ್ಟ್ ತಿದ್ದುವುದು, ಹಾಳೆ ಬದಲಿಸುವುದು ತಪ್ಪನ್ನು ಮೋಸವಾಗಿಸುತ್ತದೆ. ಹಾಗೆಯೇ ಊರಿನ ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನೋಂದಣಿ ಇದೆಯೆಂದು ನೆಮ್ಮದಿಯಾಗಿರದೆ, ಇಲ್ಲಿ ಕೆಲಸ ಮಾಡುವವರು ದೆಹಲಿ ನರ್ಸಿಂಗ್ ಕೌನ್ಸಿಲ್‌ನಲ್ಲೂ ಹೆಸರು ಬರೆಸಿಕೊಳ್ಳಬೇಕು.

ಮನೆಯವರಿಗೆ ಒಂದು ಮಾತು. ಮಗಳು ಹೀಗೆ ಫೋನ್ ಮಾಡಿದರೆ "ಯಾರಿಗೂ ಹೇಳಬೇಡ" ಎನ್ನುವುದು, "ಬಿಟ್ಟು ಊರಿಗೆ ಬಾ" ಎನ್ನುವುದು ನಮ್ಮ ಬಾಯಿಗೆ ಮೊದಲು ಬರುವ ಉತ್ತರಗಳು. ಮೊದಲು ಕೇಳಬೇಕಾದದ್ದು ರೋಗಿ ಹೇಗಿದ್ದಾರೆ, ಡಾಕ್ಟರಿಗೆ ತಿಳಿಸಿದೆಯಾ ಎಂದು. ಆಮೇಲೆ ನೀನು ಊಟ ಮಾಡಿದೆಯಾ ಎಂದು. ಮನೆಯವರಿಗೆ ಹೇಳಲು ಆಗದವರು 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಟೆಲಿ ಮಾನಸ್ ಸೇವೆ ಉಚಿತ, ಹಗಲು ರಾತ್ರಿ ಇರುತ್ತದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೂ ಮಾತಾಡಬಹುದು.

ನಮ್ಮ ಸಂಘಗಳ ಸದಸ್ಯರಲ್ಲಿ ಇಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಸಿಸ್ಟರ್‌ಗಳಿದ್ದಾರೆ. ತಿಂಗಳಿಗೊಮ್ಮೆ ಅವರು ಒಂದು ಗಂಟೆ ಕೂತು ಈ ಮಕ್ಕಳ ಮಾತು ಕೇಳುವಂತಾದರೆ ಖರ್ಚೇನೂ ಇಲ್ಲ. ಚಹಾ, ಉಪ್ಪಿಟ್ಟು ಸಾಕು. ಭಾಷಣ, ಹಾರ, ಫೋಟೋ ಬೇಡ. ಸಮಯ ಮಾತ್ರ ಸಂಜೆ ನಾಲ್ಕರ ಮೇಲೆ ಇಡಬೇಕು. ನೈಟ್ ಮುಗಿಸಿದವರು ಅಷ್ಟು ಹೊತ್ತಿಗೆ ನಿದ್ದೆ ಮಾಡಿ ಎದ್ದಿರುತ್ತಾರೆ.