ಕರೆಂಟ್ ಹರಿಸಿದರೆ ಔಷಧಿ ತಯಾರು, ಮಾಲಿನ್ಯ ಸೊನ್ನೆ: ಇದರಲ್ಲಿ ಎಷ್ಟು ನಿಜ?

‘ಇನ್ನು ಕೆಮಿಕಲ್ಲೇ ಬೇಡ, ಕರೆಂಟ್ ಸಾಕು, ಔಷಧಿ ಕಾರ್ಖಾನೆಯಿಂದ ಮಾಲಿನ್ಯವೇ ಇಲ್ಲ’ ಎನ್ನುವ ಧಾಟಿಯ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ. ಅದರಲ್ಲಿ ಅರ್ಧ ಸತ್ಯವಿದೆ, ಮತ್ತು ಆ ಅರ್ಧ ಸ್ವಾರಸ್ಯವಾಗಿಯೇ ಇದೆ.

ಔಷಧಿಯಾಗಲಿ, ಸುಗಂಧವಾಗಲಿ, ತಯಾರಿಕೆಯ ಹಲವು ಹಂತಗಳಲ್ಲಿ ನಡೆಯುವುದು ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಅಥವಾ ಅದಕ್ಕೆ ಎಲೆಕ್ಟ್ರಾನ್ ಕೊಡುವ ಕೆಲಸ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಉತ್ಕರ್ಷಣ, ಅಪಕರ್ಷಣ ಎಂದರೆ ಇವೇ. ಇದಕ್ಕೆ ಪರ್ಮಾಂಗನೇಟ್, ಕ್ರೋಮಿಯಂ ಸಂಯುಕ್ತ, ಸತುವಿನ ಪುಡಿಯಂಥವನ್ನು ಬಳಸುವುದುಂಟು. ಕೆಲಸ ಮುಗಿದ ಮೇಲೆ ಪರ್ಮಾಂಗನೇಟ್ ಕಂದು ಕೆಸರಾಗಿ ಉಳಿಯುತ್ತದೆ. ಕ್ರೋಮಿಯಂನ ಒಂದು ರೂಪವಂತೂ ಕ್ಯಾನ್ಸರ್‌ಕಾರಕ. ಇವನ್ನೆಲ್ಲ ಎಲ್ಲಿ ವಿಲೇವಾರಿ ಮಾಡುತ್ತಾರೆ ಎನ್ನುವುದು ಕಾರ್ಖಾನೆಯ ಪಕ್ಕದ ಕೆರೆ, ಬೋರ್‌ವೆಲ್ ನಂಬಿದವರಿಗೆ ಸಣ್ಣ ಪ್ರಶ್ನೆಯಲ್ಲ. ಎಲೆಕ್ಟ್ರಾನನ್ನು ತಂತಿಯಿಂದಲೇ ಪಡೆದರೆ ಈ ಬಗೆಯ ಕಸ ಹುಟ್ಟುವುದೇ ಇಲ್ಲ.

ಇದು ಹೊಸ ಉಪಾಯವೇನಲ್ಲ. ಅಲ್ಯೂಮಿನಿಯಂ ತೆಗೆಯಲು ಕರೆಂಟ್ ಬಳಸುವ ವಿಧಾನ ಸಿಕ್ಕಿದ್ದು 1886ರಲ್ಲಿ. ಕಾಸ್ಟಿಕ್ ಸೋಡಾ ಬರುವುದೂ ಉಪ್ಪುನೀರಿಗೆ ಕರೆಂಟ್ ಹರಿಸಿಯೇ. ನೈಲಾನ್‌ಗೆ ಬೇಕಾದ ಅಡಿಪೋನೈಟ್ರೈಲನ್ನು ಅಮೆರಿಕದ ಮೊನ್ಸಾಂಟೊ ಕಂಪನಿ 1960ರ ದಶಕದಲ್ಲೇ ಹೀಗೆ ತಯಾರಿಸಿತು. ಮತ್ತೆ ಎಲ್ಲರೂ ಯಾಕೆ ಮಾಡುತ್ತಿಲ್ಲ? ಔಷಧಿ ತಯಾರಿಕೆಯಲ್ಲಿ ಬಳಸುವ ಅನೇಕ ದ್ರವಗಳಲ್ಲಿ ಕರೆಂಟ್ ಸಲೀಸಾಗಿ ಹರಿಯುವುದಿಲ್ಲ. ಹರಿಯಲೆಂದು ಲವಣ ಬೆರೆಸಬೇಕು, ಕೊನೆಗೆ ಅದನ್ನು ಬೇರ್ಪಡಿಸಬೇಕು. ಅದೂ ಕಸವೇ!

ಪುಟ್ಟ ರಿಯಾಕ್ಟರ್ ನೆರವಿಗೆ ಬರುವುದು ಇಲ್ಲಿ. ದೊಡ್ಡ ಹಂಡೆಯ ಬದಲು ಎರಡು ಎಲೆಕ್ಟ್ರೋಡ್ ಫಲಕಗಳನ್ನು ಎದುರುಬದುರು ಇಟ್ಟು, ನಡುವಿನ ಕಿರಿದಾದ ಸಂದಿಯಲ್ಲಿ ಪಂಪಿನಿಂದ ದ್ರವ ಹರಿಸುತ್ತಾರೆ. ಸಂದಿ 5 ಮಿಲಿಮೀಟರಿನಿಂದ ಅರ್ಧ ಮಿಲಿಮೀಟರಿಗೆ ಇಳಿದರೆ ದ್ರವ ಒಡ್ಡುವ ತಡೆ ಹತ್ತನೇ ಒಂದು ಪಾಲಾಗುತ್ತದೆ. ಆಗ ಲವಣ ಕಡಿಮೆ ಸಾಕು, ಬಿಸಿಯಾಗಿ ಪೋಲಾಗುವ ವಿದ್ಯುತ್ತೂ ಕಡಿಮೆ. ತಯಾರಾದ ವಸ್ತು ತಕ್ಷಣ ಹರಿದು ಹೊರಬರುವುದರಿಂದ ಅಲ್ಲೇ ಉಳಿದು ಕೆಡುವ ಸಂಭವವೂ ಕಡಿಮೆ. ಹೆಚ್ಚು ಬೇಕಿದ್ದರೆ ಇಂಥವೇ ಹಲವು ಘಟಕಗಳನ್ನು ಅಕ್ಕಪಕ್ಕ ಜೋಡಿಸಿದರಾಯಿತು.

ನಮಗೆ ತುಂಬ ಹಿಡಿಸಿದ ಉದಾಹರಣೆ ಜರ್ಮನಿಯ ಬಿಎಎಸ್‌ಎಫ್ ಕಂಪನಿಯದು. ಒಂದೇ ರಿಯಾಕ್ಟರಿನಲ್ಲಿ ಧನ ಫಲಕದ ಬಳಿ ಸುಗಂಧ ದ್ರವ್ಯಕ್ಕೆ ಬೇಕಾದ ಕಚ್ಚಾವಸ್ತು, ಋಣ ಫಲಕದ ಬಳಿ ಥ್ಯಾಲೈಡ್ ಎಂಬ ಇನ್ನೊಂದು ಉಪಯುಕ್ತ ರಾಸಾಯನಿಕ. ಒಂದು ಕಡೆ ಬಿಡುಗಡೆಯಾಗುವ ಮೆಥನಾಲ್ ಇನ್ನೊಂದು ಕಡೆ ಬಳಕೆಯಾಗುತ್ತದೆ. ಒಂದೇ ಕರೆಂಟಿನಿಂದ ಎರಡು ಸರಕು.

ಹಾಗಂತ ತೊಡಕಿಲ್ಲವೆಂದಲ್ಲ. ಕಿರಿದಾದ ಸಂದಿಯಲ್ಲಿ ಗಷ್ಟು ಕಟ್ಟಿದರೆ ಹರಿವು ನಿಲ್ಲುತ್ತದೆ. ಜಲಜನಕದ ಗುಳ್ಳೆ ಎದ್ದರೆ ಬೆಂಕಿಯ ಎಚ್ಚರ ಬೇಕು. ಫಲಕವೇ ಸವೆಯುವುದೂ ಇದೆ. (ನೀರಿಗೆ ಕರೆಂಟ್ ಹಾಯಿಸಿ ‘ನೋಡಿ, ಎಷ್ಟು ಕೊಳೆ!’ ಎಂದು ಫಿಲ್ಟರ್ ಮಾರುವವರು ತೋರಿಸುವ ಕಂದು ಕೆಸರು ಬಹುಪಾಲು ಅವರ ಕಬ್ಬಿಣದ ಕಡ್ಡಿ ಕರಗಿ ಬಂದದ್ದು.) ಇನ್ನು ‘ಕೆಮಿಕಲ್ಲೇ ಬೇಡ’ ಎನ್ನುವುದು ಶುದ್ಧ ಸುಳ್ಳು: ಕಚ್ಚಾವಸ್ತು, ದ್ರಾವಕ ಎರಡೂ ಕೆಮಿಕಲ್ಲೇ.

ಕರೆಂಟ್ ಎಲ್ಲಿಂದ ಬರುತ್ತದೆ ಎನ್ನುವುದನ್ನೂ ಕೇಳಬೇಕು. ಭಾರತದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಈಗಲೂ ಕಲ್ಲಿದ್ದಲಿನದು. ಆ ಕರೆಂಟಿನಿಂದ ರಿಯಾಕ್ಟರ್ ನಡೆಸಿದರೆ ಕಾರ್ಖಾನೆಯ ಹಿಂದಿನ ಕೆಸರು ತಪ್ಪುತ್ತದೆ, ವಿದ್ಯುತ್ ಸ್ಥಾವರದ ಹೊಗೆ ತಪ್ಪುವುದಿಲ್ಲ.